ಹೊರಕ್ಕೆ ಬಿದ್ದ ಗಾಜು

ಈಸ್ಟರಿಗೆ ಇನ್ನೂ ಐದು ದಿನ.
ಸೋಡಾ ನೀರಿನಲ್ಲಿ ಹಳೇ ಪತ್ರಿಕೆ ಅದ್ದಿ
ಅಡುಗೆಮನೆ ಕಿಟಕಿ ಉಜ್ಜುತ್ತಿದ್ದೆ.
ಒಂದು ನೊಣದ ಚುಕ್ಕೆ, ನನ್ನಷ್ಟೇ ಹಟಮಾರಿ.
ಅಂಗೈ ಬುಡ ಒತ್ತಿ ತಿಕ್ಕಿದೆ.
ಫಳ್ ಎನ್ನಲಿಲ್ಲ, ಠಪ್ ಎನ್ನಲಿಲ್ಲ,
ಯಾರೋ ನಿಟ್ಟುಸಿರು ಬಿಟ್ಟ ಹಾಗೆ
ಗಾಜು ಎದ್ದು ಅಂಗಳಕ್ಕೆ ಹೋಯಿತು.

ಅದೇ ಗಳಿಗೆಗೆ ಕೆಳಗೆ
ಸವೇತಾಳ ಮಗ ದೊರು ಒದ್ದ ಚೆಂಡು
ಗೋಡೆಗೆ ಬಡಿದು ವಾಪಸು ಬಂತು.

ಟಿಮಿಶ್ವಾರದ ನಮ್ಮ ವಠಾರದಲ್ಲಿ ಹದಿನಾಲ್ಕು ಮನೆ,
ಬಾಯಿ ಎಷ್ಟು ಅಂತ ಎಣಿಸಿದವರಿಲ್ಲ.
"ದೊರೂ!" ಎಂದಿತು ಮೊದಲನೆಯದು.
ಮಿಕ್ಕವು ಹೂಂಗುಟ್ಟಿದವು.
ನಾನು ಕೈಗೆ ಬಟ್ಟೆ ಸುತ್ತುತ್ತಿದ್ದೆ.
ಸುತ್ತುವಾಗ ಮಾತಾಡಲಾಗುವುದಿಲ್ಲ,
ಗಂಟಿನ ಒಂದು ತುದಿ ಹಲ್ಲಲ್ಲಿರುತ್ತದೆ.

ಸಂಜೆ ಹುಡುಗನೇ ಬಂದ.
ಮಡಿಚಿದ ಕಾಗದದಲ್ಲಿ ಮೂವತ್ತು ಲೆಯಿ.
"ಅಮ್ಮ ಕೊಟ್ಟಳು, ಕಿಟಕಿಗೆ."
ಮೂವತ್ತು. ಅದೂ ಈ ವಾರದಲ್ಲಿ.
ಬೇಡ ಎನ್ನಬೇಕಿತ್ತು.
ತಗೊಂಡೆ. ಒಂದು ಬಿಸ್ಕತ್ತೂ ಕೊಟ್ಟೆ.

ಎರಡು ದಿನ ಬಾಳೆಹಣ್ಣಿನ ಪೆಟ್ಟಿಗೆಯ ರಟ್ಟು
ಕಿಟಕಿಯಲ್ಲಿ ಕೂತು ಗಾಳಿಗೆ ಗೊರಕೆ ಹೊಡೆಯಿತು.
ಟ್ರಾಮು ಕಿವಿಗೆ ಮಾತ್ರ ಬಂತು.
ಚರ್ಚಿನಲ್ಲಿ ಪಾದ್ರಿಯ ಮುಂದೆ ಬಗ್ಗಿ
ಬೈದದ್ದು ಹೇಳಿದೆ, ಉಪವಾಸದಲ್ಲಿ ಕದ್ದು ತಿಂದ ಚೀಸು ಹೇಳಿದೆ.
ಗಾಜು ಗಂಟಲವರೆಗೆ ಬಂತು.
ಹಿಂದೆ, ಸಾಲಿನಲ್ಲಿ, ಸವೇತಾ ನಿಂತಿದ್ದಳು.

ಗಾಜಿನ ಕೊವಾಚಿಗೆ ಎಂಟೂವರೆ ಬೆರಳು.
ಚೌಕಟ್ಟನ್ನು ಮೇಲೆ, ನಡುವೆ, ಕೆಳಗೆ ಅಳೆದ.
ಮೂರೂ ಬೇರೆ.
"ನೂರು ವರ್ಷದ ಮನೆ, ಅದಕ್ಕೂ ಬೆನ್ನುನೋವು" ಎಂದ.
ಎಲ್ಲಕ್ಕಿಂತ ಚಿಕ್ಕ ಅಳತೆ ಹಿಡಿದು
ಅದರಿಂದಲೂ ಒಂದು ಕೂದಲೆಳೆ ಕಳೆದ.
"ಗಾಜಿಗೂ ಉಸಿರಾಡಲು ಜಾಗ ಬೇಕು, ತಾಯಿ.
ಬಿಗಿಯಾಗಿ ಕೂರಿಸಿದ್ದೇ ಒಡೆಯೋದು."
ಉಳಿ ಹಾಕಿ ಮೀಟಿದಾಗ
ಕಲ್ಲಾದ ಹಳೇ ಪುಟ್ಟಿ ಹಲ್ಲು ಕಿತ್ತ ಹಾಗೆ ಬಂತು.
ಆಮೇಲೆ ಬಗ್ಗಿ ಅಂಗಳ ನೋಡಿದ.
ಲೈಲಾಕ್ ಗಿಡದ ಬುಡದಲ್ಲಿ ಚೂರುಗಳು ಇನ್ನೂ ಮಿನುಗುತ್ತಿದ್ದವು.
"ಚೆಂಡು ಹೊರಗಿಂದ ಬಂದರೆ
ಗಾಜು ಒಳಗೆ ಬೀಳುತ್ತೆ,"
ಕಿವಿಯ ಮೇಲಿನ ಪೆನ್ಸಿಲಿಗೆ ಹೇಳಿದ ಹಾಗೆ.
ಕುಂಬಳಕಾಯಿ ಕಳ್ಳ ಅಂದದ್ದೇ ಹೆಗಲು ಮುಟ್ಟಿಕೊಂಡವನ ಹಾಗೆ
ನಾನು ಅಂಗೈಯನ್ನು ಏಪ್ರನ್ನಿನ ಜೇಬಿಗೆ ಹಾಕಿದೆ.
ಅವನು ಮತ್ತೆ ಮಾತಾಡಲಿಲ್ಲ.
ವಜ್ರದ ಮೊನೆ ಎಳೆದ ಸದ್ದು ಮಾತ್ರ,
ಉದ್ದಕ್ಕೆ, ಒಂದೇ ಸಲ.

ಅವನು ಹೋದ ಮೇಲೆ ದೊರುವನ್ನು ಕರೆದೆ.
ಮೂವತ್ತು ಲೆಯಿ ಮೇಜಿನ ಮೇಲಿಟ್ಟೆ.
"ಒಡೆದದ್ದು ನಾನು. ನೀನಲ್ಲ."
ಕುಣಿಯುತ್ತಾನೆ ಅಂದುಕೊಂಡಿದ್ದೆ.
ಹುಡುಗನ ಮುಖ ಸಪ್ಪಗಾಯಿತು.
"ನೀರಿನ ಪಂಪಿನ ಹತ್ತಿರದಿಂದ ಒದ್ದೆ ಅಂತ
ಇಡೀ ಕ್ಲಾಸಿಗೆ ಹೇಳಿದ್ದೀನಿ.
ಎರಡನೇ ಮಹಡಿಗೆ. ಎಡಗಾಲಲ್ಲಿ.
ಯಾರಿಗೂ ಹೇಳಬೇಡಿ, ವೆತೂರಿಯಾ ಅಜ್ಜಿ."
"ನಿಮ್ಮಮ್ಮನಿಗೆ?"
"ಅಮ್ಮನಿಗಂತೂ ಬೇಡ."
ದುಡ್ಡು ನೋಡಿದ. ಸ್ವಲ್ಪ ಯೋಚಿಸಿ ಜೇಬಿಗಿಟ್ಟ.

ಈಗ ಕಿಟಕಿಯ ಮುಂದೆ ನಿಂತಿದ್ದೇನೆ.
ಹಳೇ ಗಾಜಿನ ನಡುವೆ ಒಂದು ಅಲೆಯಿತ್ತು.
ಟ್ರಾಮು ಅಲ್ಲಿಗೆ ಬಂದಾಗ ಸೊಂಟ ಮುರಿದು
ಒಂದಿಷ್ಟು ತೇಲಿ
ಮತ್ತೆ ಕೂಡಿಕೊಂಡು ಹೋಗುತ್ತಿತ್ತು.
ಮೂವತ್ತೊಂದು ವರ್ಷ ನಾನು ಟಿಕೆಟು ಹರಿದ ಟ್ರಾಮು ಅದು,
ಸೊಂಟ ಮುರಿದದ್ದು ಯಾರದೆಂದು ನನಗೆ ಗೊತ್ತು.
ಹೊಸ ಗಾಜಿನಲ್ಲಿ ಅದು ನೆಟ್ಟಗೆ ಹೋಗುತ್ತದೆ,
ಏನೂ ಆಗಿಲ್ಲವೆಂಬಂತೆ.

ಪುಟ್ಟಿ ಇನ್ನೂ ಹಸಿ, ಅಗಸೆ ಎಣ್ಣೆಯ ವಾಸನೆ.
ಮೂರು ವಾರ ಮುಟ್ಟಬೇಡಿ ಎಂದಿದ್ದಾನೆ ಕೊವಾಚ್.
ಕೆಳಗೆ ಪಂಪಿನ ಪಕ್ಕ ದೊರು
ಎಡಗಾಲಲ್ಲಿ ಒದೆಯುತ್ತಲೇ ಇದ್ದಾನೆ.
ಚೆಂಡು ಮೊದಲ ಮಹಡಿಗೂ ಏರುತ್ತಿಲ್ಲ.
ಬೆಂಚಿನ ಮುದುಕರು ಆದರೂ
ಅಷ್ಟು ದೂರ ಸರಿದು ಕೂತಿದ್ದಾರೆ,
ಮರ್ಯಾದೆಯಿಂದ.