ಅಂಗೈ ಅಗಲದ ಡೆಕ್ಕು

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಿಂದ ದ್ಯಾವಣ್ಣ ಮಾವ
ಬಸ್ಸಲ್ಲಿ ತೊಡೆಮೇಲಿಟ್ಟುಕೊಂಡು ತಂದದ್ದು.
ಊಟದ ಡಬ್ಬಿಯಷ್ಟಿದೆ,
ಇದರೊಳಗೆ ತಟ್ಟೆ ಹಿಡಿಸುತ್ತಾ? ಎಂದಳು ಅಮ್ಮ.

ಹಿಡಿಸಿತು.
ಹೊಲಿಗೆ ಮಿಷನ್ನಿಗೂ ಗುಂಡಿ ಡಬ್ಬಕ್ಕೂ ನಡುವೆ
ಜಾಗವೂ ಸಿಕ್ಕಿತು. ಕರೆಂಟು ಕುಡಿಯುವುದು ಕಡಿಮೆ.
ಗೀರು ಬಿದ್ದ ಸೀಡಿಯನ್ನೂ ಗೊಣಗದೆ ಓದುತ್ತದೆ.

ಕುಂದು ಕೇಳಿದರೆ,
ಮುಖದಲ್ಲಿ ನಿಮಿಷ ತೋರಿಸುವ ಕಿಂಡಿಯಿಲ್ಲ.
ರಿಮೋಟು ಕಳೆದರೆ ಮೂಗ.
ಹಗುರ ಮೈ; ವೈರಿಗೆ ಕಾಲು ತಾಕಿದರೆ
ಕರೆದ ಕೂಸಿನ ಹಾಗೆ ಹಿಂದೆಯೇ ಬರುತ್ತದೆ.
ಮತ್ತೆ, ನೆನಪಿಲ್ಲ ಅದಕ್ಕೆ.
ಕರೆಂಟು ಹೋಗಿ ಬಂದರೆ
ಎಲ್ಲಿಗೆ ನಿಂತಿತ್ತೋ ಗೊತ್ತಿಲ್ಲ,
ಮೊದಲಿನಿಂದ ಶುರು.

ಅಮ್ಮ ಹಾಕುವುದು ನನ್ನ ಮದುವೆಯದನ್ನೇ.
ಮೂಗುಬೊಟ್ಟು ಎಷ್ಟು ಚೆಂದ ಕಾಣತ್ತೆ ನೋಡು, ಅನ್ನುತ್ತಾಳೆ.
ಬೊಟ್ಟು ಈಗ ಗಿರವಿ ಅಂಗಡಿಯಲ್ಲಿದೆ.

ಗುಲಾಬಿ ಹೂವೊಂದು ಗಿರಗಿರ ತಿರುಗಿ
ಚಿ. ಸೌ. ಕೋಮಲಾಕ್ಷಿ ಎಂದು ಬರೆಯುತ್ತದೆ.
ಅರಿಶಿನ ಹಚ್ಚುತ್ತಾರೆ.
ಪುಟ್ಟತ್ತೆ ಕ್ಯಾಮೆರಾ ಕಂಡು ಬಾಯಿ ಮುಚ್ಚಿಕೊಂಡು ನಗುತ್ತಾಳೆ.
ಎಲೆ ಒರೆಸುವ ಹುಡುಗನೊಬ್ಬ, ಯಾರ ಮಗನೋ,
ಒಂದೇ ಎಲೆಯನ್ನು ಮೂರು ಸಲ ಒರೆಸುತ್ತಾನೆ.

ಕಿಂಡಿಯಿಲ್ಲದಿದ್ದರೂ ನನಗೆ ಗೊತ್ತು,
ಇಪ್ಪತ್ತೆರಡನೇ ನಿಮಿಷಕ್ಕೆ
ತಿಪಟೂರಿನ ವ್ಯಾನು ಬಂದು ನಿಲ್ಲುತ್ತದೆ.
ಅದರ ಬಾಗಿಲು ಸರಿಯುವ ಹೊತ್ತಿಗೆ
ಅರಸೀಕೆರೆಯಲ್ಲಿ ಸಾಮಾನ್ಯವಾಗಿ ಕರೆಂಟು ಹೋಗುತ್ತದೆ.

ಹೋಗದ ದಿನ
ನನ್ನ ಕಾಲು ವೈರಿಗೆ ತಾಕುತ್ತದೆ.

ಅಮ್ಮ ಏನೂ ಅನ್ನುವುದಿಲ್ಲ.
ಸಡಿಲಾದ ಪ್ಲಗ್ಗನ್ನು ಒತ್ತಿ,
ಸೆರಗಿನಿಂದ ಅದರ ಬೆನ್ನಿನ ಧೂಳು ಒರೆಸಿ,
ಗುಲಾಬಿಯನ್ನು ಮತ್ತೆ ತಿರುಗಲು ಬಿಡುತ್ತಾಳೆ.