ಶೇಷ ಎಂಟು

ಸಾಂತಿನೆಜಿನ ಬೇಕರಿಯಿಂದ ಆಲ್ತಿನೊ ಗುಡ್ಡಕ್ಕ
ನಸುಕಿನ್ಯಾಗ ನಾ ಹೊರೋದು ಇನ್ನೂರು ಪಾಂವು, ಎಂಬತ್ತು ಉಂಡೊ.
ಬುಟ್ಟಿಮ್ಯಾಲೆ ನೀಲಿ ತಾಡಪಾಲು, ಹ್ಯಾಂಡಲ್ಲಿಗೆ ರಬ್ಬರ್ ಹಾರ್ನು.
ಮೂರನೇ ತಿರುವಿನ್ಯಾಗ ದಿನಾ ಇಳೀತಿದ್ದೆ,
ಇಳಿದು ತಳ್ಳತಿದ್ದೆ. ತುದಿಮನಿ ಫಿಲೋಮೆನ್ ಬಾಯಿ
ಪಾಂವು ಒತ್ತಿ ನೋಡಿ "ಆರೇತಿ" ಅನ್ನಾಕಿ,
ಚಿಲ್ಲರೆ ಸಾವಕಾಶ ಎಣಿಸಾಕಿ.

ನನ್ನ ಕಾಲಿನ ತಪ್ಪು ಅಂದ್ಕೊಂಡಿದ್ದೆ.
ರುಜಾರ್ ಮಿಸ್ತ್ರಿ ಕೇಳಿದ: "ಹಲ್ಲು ಎಷ್ಟು?"
"ಮೂವತ್ತೆರಡಿದ್ವು, ಒಂದು ಹೋಗೇತಿ."
"ನಿನ್ನವಲ್ಲೋ, ಸೈಕಲ್ಲಿನವು."

ಪೆಡಲಿನ ಚಕ್ರಕ್ಕ ಸುಣ್ಣದ ಗುರುತು ಹಾಕಿ ಎಣಿಸಿದೆ: ನಲವತ್ನಾಲ್ಕು.
ಹಿಂದಿನದು, ಗ್ರೀಸಿನ್ಯಾಗ ಮುಳುಗಿದ್ದು: ಹದಿನೆಂಟು.
"ಭಾಗಿಸು."
ಹಾನಗಲ್ಲಿನ ಸಾಲಿ ನಾ ಬಿಟ್ಟಿದ್ದೇ ಭಾಗಾಕಾರದಾಗ.
ಹದಿನೆಂಟೆರಡ್ಲೆ ಮೂವತ್ತಾರು, ಶೇಷ ಎಂಟು.
ಶೇಷ ಉಳಿದ್ರ ಮಾಸ್ತರು ಬೆತ್ತ ತಗೀತಿದ್ರು;
ರುಜಾರ್ ನೆಲದ ಮ್ಯಾಲೆ ಬರೆದ:
ಪೆಡಲ್ ಒಂದು ಸುತ್ತಿದ್ರ ಗಾಲಿ ಎರಡು ಸುತ್ತು,
ಮ್ಯಾಲೆ ಅರ್ಧಕ್ಕ ತುಸು ಕಡಿಮಿ.

ಗಾಲಿ ಉರುಳಿಸಿ ಟೇಪು ಹಿಡಿದ್ವಿ:
ಸುತ್ತಿಗೆ ಎರಡು ಮೀಟರು ಇಪ್ಪತ್ತು ಸೆಂಟಿ.
ಅಂದ್ರ ಪೆಡಲಿನ ಸುತ್ತಿಗೊಮ್ಮೆ ಐದು ಮೀಟರಿಗೂ ಹೆಚ್ಚು ಗುಡ್ಡ
ಒಂದ ಸಲಕ್ಕ ನುಂಗಾಕ ಹೊಂಟಿದ್ದೆ ನಾ.
"ಉಂಡೊ ಇಡೀದು ಬಾಯಾಗ ತುರುಕಿದ್ರ ಹೆಂಗ ಅಗಿತಿ?"

ಇಪ್ಪತ್ತೆರಡು ಹಲ್ಲಿನದು ಹಾಕಿದ. ಚೈನಿಗೆ ಎರಡು ಕೊಂಡಿ ಕೂಡಿಸಿದ.
ಈಗ ನಾಲ್ಕು ಮೀಟರು ನಲವತ್ತು.
"ಪುಕ್ಕಟ ಅಲ್ಲ ಮತ್ತ. ಏರು ಆರ್ನೂರರವತ್ತು ಮೀಟರು ಅಂತ ಹಿಡಿ,
ಮೊದಲು ನೂರಿಪ್ಪತ್ಮೂರು ಸುತ್ತು, ಇನ್ನ ನೂರೈವತ್ತು.
ಗುಡ್ಡ ತನ್ನ ಸಾಲ ಬಿಡಾಂಗಿಲ್ಲೋ,
ಕಂತು ಮಾಡಿಕೊಡ್ತೈತಿ ಅಷ್ಟ."

ಮರುದಿನ ಮೂರನೇ ತಿರುವು ಬಂತು, ಹೋತು.
ನಾ ಸೀಟಿನ ಮ್ಯಾಲೇ ಇದ್ದೆ.
ಫಿಲೋಮೆನ್ ಬಾಯಿ ಪಾಂವು ಒತ್ತಿ
ಬೆರಳು ಹಿಂದಕ್ಕೆಳಕೊಂಡಳು. ಏನೂ ಅನಲಿಲ್ಲ.

ಮಾಂಡೋವಿ ದಂಡಿಯ ಸಪಾಟು ರಸ್ತೆದಾಗ ಮಾತ್ರ
ಕಾಲು ಬರೇ ಗಿರಗಿರ,
ಐಸಿನ ಗಡ್ಡಿ ಹೊತ್ತ ಮುದುಕನೂ ನನ್ನ ದಾಟಿ ಹೋದ.
ಹೋಗಲಿ.

ಹಿಂದಿನ ಗಾಲಿಯ ಸಡಿಲ ಕಡ್ಡಿಯೊಂದು
ಸುತ್ತಿಗೊಮ್ಮೆ ಟಿಕ್ ಅಂತೈತಿ.
ಮೊದಲು ಆ ಸಪ್ಪಳ ನನ್ನ ಕಾಲಿಗೆ ಕೂಡತಿರಲಿಲ್ಲ,
ಪ್ರತಿ ಸಲ ಜಾಗ ಬದಲಿಸತಿತ್ತು,
ಶೇಷದ ಆ ಎಂಟು ಎಲ್ಲೋ ಅಲೀತಿತ್ತು.
ಈಗ ಬಲಗಾಲು ಇಳಿದಾಗೊಂದು, ಎಡಗಾಲು ಇಳಿದಾಗೊಂದು.

"ಕಡ್ಡಿ ಬಿಗೀಲೇನು?" ಅಂದ ರುಜಾರ್.
"ಇರಲಿ," ಅಂದೆ. "ಇನ್ನೂ ಎಣಿಸೋದೈತಿ."