ಓದಿ ಕೇಳಿ ತಿಳಿದು ಒಪ್ಪಿ

ಗದಗಿನ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿ ಬಾಜೂಕ
ಏಳು ಫೂಟಿನ ನನ್ನ ಖೋಲಿ.
ಹಗಲೆಲ್ಲ ಊರ ಗುಟ್ಟು ಟೈಪ್ ಮಾಡತೀನಿ:
ಸೋಡಚೀಟಿ, ವಾಟ್ನಿ ಪತ್ರ,
ರೋಣದ ಮಾಸ್ತರು ಹೆಂಡತಿಗೆ ಕೊಡಿಸಿದ ನೋಟೀಸು,
ಅದಕ್ಕ ಆಕಿ ಬರಿಸಿದ ಉತ್ತರ.
ಇಬ್ಬರೂ ನನ್ನ ಕಡೇನ ಬಂದಿದ್ದರು.
ಒಬ್ಬರು ಬಂದದ್ದು ಇನ್ನೊಬ್ಬರಿಗೆ ಹೇಳಿಲ್ಲ.

ಎಲ್ಲಾ ಪತ್ರಕ್ಕೂ ಕಡೀ ಸಾಲು ಒಂದ:
ಓದಿ ಹೇಳಲಾಗಿ ಕೇಳಿ ತಿಳಿದು ಒಪ್ಪಿ ಸಹಿ ಮಾಡಿರುತ್ತೇನೆ.
ಹೆಬ್ಬಟ್ಟಿನವರಿಗೆ ನಾ ಎರಡೆರಡು ಸಲ ಓದತೀನಿ.
ವಕೀಲರು ಗಡಿಯಾರ ನೋಡತಾರ.
ನೋಡ್ಲಿ.

ರಾತ್ರಿ ಅದ ಕಂಪ್ಯೂಟರ್ ನನ್ನ ಮಗಂದು.
ಪಾರೀಶ, ಹದಿನಾರು ವರ್ಷ, ನಮ್ಮಪ್ಪನ ಹೆಸರು.
ಶಟರ್ ಅರ್ಧ ಇಳಿಸಿ, ಹೆಡ್‌ಫೋನ್ ಏರಿಸಿ
ಯಾವುದೋ ಊರಿನ ಮಾಳಗಿ ಮ್ಯಾಲೆ ಬಂದೂಕು ಹಿಡದು ಓಡತಾನ,
ಜೋಡಿಗೆ ಹುಬ್ಬಳ್ಳಿಯವನೊಬ್ಬ, ಕಠ್ಮಂಡುವಿನವನೊಬ್ಬ.
ನಾ ಹಿಂದ ಕುಂತು ಗಿರ್ಮಿಟ್ ತಿಂತೀನಿ.

ಒಂದು ಮುಂಜಾನೆ ಕಂಪ್ಯೂಟರ್ ಹಚ್ಚಿದ್ರ
ಕೆಳಗ ಮೂಲ್ಯಾಗ ಸಣ್ಣ ಕೆಂಪು ಗುರುತು.
"ಇದ್ಯಾರೋ?"
"ಕಾವಲುಗಾರ, ಅವ್ವಾ. ಆಟದಾಗ ಮೋಸ ಮಾಡೋರನ್ನ ಹಿಡಿತೈತಿ."
"ಈಗ ಆಟ ನಡದಿಲ್ಲಲ್ಲ?"
"ನಡೀದಿದ್ರೂ ಇರಬೇಕಂತ.
ಕಂಪ್ಯೂಟರ್ ಪೂರಾ ಕಣ್ಣು ತೆರಿಯೂಕಿಂತ ಮೊದಲ ಅದು ಏಳತೈತಿ."
"ಎದ್ದು ಏನ್ ನೋಡತೈತಿ?"
"ಏನೂ ನೋಡಂಗಿಲ್ಲಂತ."
"ಅಂತ ಅಂದವರ್ಯಾರು?"
"ಅದ."

ನಲವತ್ತು ಪಾನ ಇಂಗ್ಲಿಷಿನ ಕೆಳಗ
ಒಪ್ಪಿಗೆ ಒತ್ತಿದ್ದ.
ಓದಿದೇನು ಅಂದ್ರ ನಕ್ಕ.
ಟೈಪ್ ಮಾಡಾಕಿಯ ಮಗ
ಕೇಳದ ತಿಳೀದ ಹೆಬ್ಬಟ್ಟು ಒತ್ತಿ ಬಂದಿದ್ದ.

ಅವನ ಸಿಟ್ಟೂ ಸುಳ್ಳಲ್ಲ.
ಗ್ವಾಡಿ ಆಚೆ ಕಾಣೂ ಕಳ್ಳಗಣ್ಣು ರೊಕ್ಕಕ್ಕ ಸಿಗತೈತಂತ ಅಲ್ಲಿ.
ಹೋದ ದೀಪಾವಳ್ಯಾಗ ಆರು ತಾಸು ಆಡಿ ಕಡೀ ಸುತ್ತಿಗೆ
ಉಸುರು ಬಿಗಿಹಿಡದು ಅಡಗಿ ಕುಂತವನ್ನ
ಗ್ವಾಡಿ ಹಾದು ಹೊಡದರು.
ಅತ್ತಿದ್ದ. ನಾ ನೋಡೀನಿ.
ಅಂಥವರನ್ನ ಹಿಡ್ಯಾಕ
ಎಲ್ಲಾ ಗ್ವಾಡಿ ಆಚೆ ನೋಡಾವ ಒಬ್ಬ ಬೇಕಾತು.
ಆಗಲಿ. ಆದ್ರ ಅದರಾಗ ಒಂದು ಗ್ವಾಡಿ ನಂದು.

ಅದರ ಹಿಂದ ಮುಳಗುಂದದ ಒಬ್ಬ ಅಜ್ಜ ಅದಾನ.
ಬ್ಯಾಸಗ್ಯಾಗ ಮಫ್ಲರ್ ಸುತಗೊಂಡು ಬಂದಾವ.
ಶಾಂತವ್ವನ ಮಗ ಚಂದ್ರಕಾಂತಗ ಅರ್ಧ ಎಕರೆ,
ನಾ ಸಾಯೂತನ ಮನ್ಯಾಗ ಗೊತ್ತಾಗೂದು ಬ್ಯಾಡವಾ, ಅಂದಿದ್ದ.
ಕಾವಲುಗಾರ ಅದನ್ನ ಓದೈತೋ ಇಲ್ಲೋ, ಆಣಿಗೂ ನನಗ ಗೊತ್ತಿಲ್ಲ.
ಓದಿಲ್ಲ ಅನ್ನೂದನ್ನ ಅದರ ಬಾಯಿಲೇನ ಕೇಳಬೇಕು.
ಬರೇ ಮಾತು ನಂಬೂದಾಗಿದ್ರ
ಜಗತ್ತಿಗೆ ಪತ್ರ ಯಾಕ ಬೇಕಿತ್ತು,
ನನ್ನ ಈ ಅಂಗಡಿ ಯಾಕ ಬೇಕಿತ್ತು.

ಅಪ್ಪನ ಕಾಲಕ್ಕ ಕಾರ್ಬನ್ ಇತ್ತು.
ಬಿಸಲಿಗೆ ಹಿಡದ್ರ ನಿನ್ನಿ ಪತ್ರ ಅಕ್ಷರಕ್ಕಕ್ಷರ ಕಾಣತಿತ್ತು.
ಸಂಜಿಗೆ ಹಾಳಿ ಎಣಿಸಿ ಎಣಿಸಿ ಸುಡತಿದ್ದ.
ಅಷ್ಟು ಕಾಳಜೀಲೆ ರೊಕ್ಕ ಎಣಿಸಿದವ ಅಲ್ಲ.

ಗುರುವಾರ ಅಜ್ಜ ಮತ್ತ ಬಂದ.
ಅರ್ಧ ಬ್ಯಾಡ, ಪೂರಾ ಎಕರೆ ಬರಿ.
ಅಟ್ಟದ ಮ್ಯಾಲಿನ ಟೈಪ್‌ರೈಟರ್ ಇಳಿಸಿದೆ.
'ಳ' ಅಕ್ಷರ ಅರ್ಧಕ್ಕ ನಿಲ್ಲತಿತ್ತು, ಬೆರಳಿಲೇ ಎತ್ತಿ ಎತ್ತಿ ಹೊಡದೆ.
ಎರಡು ಸಲ ಓದಿದೆ. ಹೆಬ್ಬಟ್ಟು ಒತ್ತಿ,
ಮಫ್ಲರ್ ಸರಿ ಮಾಡಿಕೊಂಡು ಹ್ವಾದ.

ರಾತ್ರಿ ಪಾರೀಶ ಬಂದ, ಟೇಬಲ್ ಮ್ಯಾಲಿನ ಕರೀ ಹಾಳಿ
ಟ್ಯೂಬ್‌ಲೈಟಿಗೆ ಹಿಡದ.
"ಅವ್ವಾ, ಚಂದ್ರಕಾಂತ ಅಂದ್ರ ಯಾರು?"

ಕಸಗೊಂಡೆ. ಹೊರಗ ಕಟ್ಟಿ ಮ್ಯಾಲೆ ಕಡ್ಡಿ ಗೀರಿದೆ.
"ಯಾಕ ಸುಡತಿ? ನಾ ಯಾರ ಮುಂದೂ ಹೇಳಂಗಿಲ್ಲ."
"ಗೊತ್ತೈತಿ ಮಗಾ, ನೀ ಹೇಳಂಗಿಲ್ಲ."

ಸುಟ್ಟ ಹಾಳ್ಯಾಗೂ ಹೆಸರು ಹೊಳೀತಿತ್ತು.
ಅವನ ಚಪ್ಪಲಿಲೇ ತಿಕ್ಕಿದ.
ಒಳಗ ಹೋಗಿ ಕಂಪ್ಯೂಟರ್ ಮುಂದ ಕುಂತ.
ಬಾಳ ಹೊತ್ತು ಗುಂಡಿ ಒತ್ತಲಿಲ್ಲ.